ಅವ್ವನ ಹರಕೆ, ಗೋವಾದ ನಾಲ್ಕು ದಿನ

ನನ್ನ ತಮ್ಮ ಟಾಂಜಾನಿಯಾದಲ್ಲಿ ಮಿಷನರಿ. ವಯಸ್ಸು 29. ಹೋಗಿ ಹನ್ನೊಂದು ತಿಂಗಳಾಯ್ತು. ಮೊದಲ ನಾಲ್ಕು ತಿಂಗಳು ವಿಕ್ಟೋರಿಯಾ ಸರೋವರದ ದಡದ ಮುಸೋಮಾದಲ್ಲಿ ಸ್ವಾಹಿಲಿ ಕಲಿತ. ಹೊರಗಿನಿಂದ ಬರುವ ಮಿಷನರಿಗಳಿಗೆ ಅಂತಲೇ ಅಲ್ಲೊಂದು ಭಾಷಾ ಶಾಲೆ ಇದೆ. ಈಗ ಡೊಡೊಮಾ ಕಡೆಯ ಒಂದು ಹಳ್ಳಿಯ ಚರ್ಚಿನಲ್ಲಿ ಒಬ್ಬರು ಹಿರಿಯ ಸ್ವಾಮಿಗಳ ಜೊತೆ ಇದ್ದಾನೆ.

ಐದನೇ ತಿಂಗಳಲ್ಲಿ ಅವನಿಗೆ ಮಲೇರಿಯಾ ಬಂತು. ನಾಲ್ಕು ದಿನ ಫೋನ್ ಹತ್ತಲಿಲ್ಲ. ಅವ್ವ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಮಗ ಹುಷಾರಾದರೆ ಗೋವಾಕ್ಕೆ ಬಂದು ಮೇಣದ ಗೊಂಬೆ ಒಪ್ಪಿಸ್ತೀನಿ ಅಂತ ಸಂತ ಫ್ರಾನ್ಸಿಸ್ ಝೇವಿಯರ್‌ಗೆ ಹರಕೆ ಹೊತ್ತಳು. ಐದನೇ ದಿನ ತಮ್ಮನ ಧ್ವನಿ ಕೇಳಿಸಿತು. ಅವತ್ತಿನಿಂದ ಅವ್ವನದು ಒಂದೇ ಮಾತು. ಗೋವಾಕ್ಕೆ ಯಾವಾಗ?

ನವೆಂಬರ್ ಕೊನೆಯ ವಾರ, ಸಂತರ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ಅಂದರೆ ನವೇನಾ, ನಡೆಯುವ ಹೊತ್ತಿಗೆ ಹೊರಟೆವು.

ಮೊದಲ ದಿನ

ನಮ್ಮೂರು ಮುದಗಲ್. ರಾಯಚೂರು ಜಿಲ್ಲೆ. ಕೋಟೆಗೆ, ಮೊಹರಂಗೆ ಹೆಸರಾದ ಊರು. ಆದಿಲ್‌ಶಾಹಿ ಕಾಲದಿಂದಲೂ ಇಲ್ಲಿ ನಮ್ಮ ಜನ ಇದ್ದಾರೆ. ಗೋವಾ ಕಡೆಯಿಂದ ಪಾದ್ರಿಗಳು ಬಂದಿದ್ದರು ಅಂತ ಹಿರಿಯರು ಹೇಳುತ್ತಾರೆ. ಯಾವ ತಾಯಿಯ ಮಗನೋ ಮನೆ ಬಿಟ್ಟು ಈ ಬಿಸಿಲಿಗೆ ಬಂದಿದ್ದ. ತಮ್ಮ ಹೊರಟು ನಿಂತಾಗ ಅವ್ವನಿಗೆ ನಾನು ಇದನ್ನೇ ಹೇಳಿದ್ದೆ. ಅವ್ವನಿಗೆ ಅದು ಸಮಾಧಾನ ಕೊಡಲಿಲ್ಲ. "ಆ ತಾಯಿ ಏನ್ ಮಾಡಿದ್ಲೋ ಯಾರಿಗೆ ಗೊತ್ತು" ಅಂದಿದ್ದಳು.

ಹಿಂದಿನ ರಾತ್ರಿಯೇ ಹುಬ್ಬಳ್ಳಿಗೆ ಬಂದು ಮಲಗಿ, ಬೆಳಿಗ್ಗೆ ವಾಸ್ಕೋ ರೈಲು ಹತ್ತಿದೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಲೋಂಡಾ ದಾಟಿ ಕ್ಯಾಸಲ್‌ರಾಕ್ ಬಂದ ಮೇಲೆ ಗಾಡಿ ನಿಧಾನಕ್ಕೆ ಘಟ್ಟ ಇಳಿಯತೊಡಗಿತು. ದೂಧಸಾಗರ ಬಂದಾಗ ಬೋಗಿಯೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬಿತ್ತು. ಅವ್ವ ಜಪಸರ ಹಿಡಿದು ಕೂತಿದ್ದಳು, ಏಳಲಿಲ್ಲ.

ಚಿಗವ್ವನ ಮನೆ ಝುವಾರಿನಗರದಲ್ಲಿ. ಗೊಬ್ಬರದ ಕಾರ್ಖಾನೆಯ ಸುತ್ತ ಬೆಳೆದ ಜಾಗ ಇದು. ಬೀದಿಗೆ ಕಾಲಿಟ್ಟರೆ ಗೋವಾ ಅನ್ನಿಸುವುದೇ ಇಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಗದಗ, ಎಲ್ಲ ಕಡೆಯ ಮಾತೂ ಕಿವಿಗೆ ಬೀಳುತ್ತದೆ. ರೊಟ್ಟಿ ಬಡಿಯುವ ಸದ್ದು ಮನೆಮನೆಯಿಂದ ಬರುತ್ತದೆ. ಚಿಗಪ್ಪ ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಚಿಗವ್ವ ನೀರು ಬಿಡುವವನ ಹತ್ತಿರ ಕೊಂಕಣಿಯಲ್ಲಿ ಜಗಳ ಆಡಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ "ಬರ್ರಿ, ಕೈಕಾಲು ತೊಳ್ಕೋರಿ" ಅಂದಳು.

ಭಾಷೆ ಕಲಿಯುವುದು ಎಷ್ಟು ಕಷ್ಟವಾಯ್ತು ಅಂತ ಕೇಳಿದೆ. "ಭಾಷಿ ಆರು ತಿಂಗಳಿಗೆ ಬಂತು. 'ಘಾಂಟಿ' ಅನ್ನೋದು ಇನ್ನೂ ನಿಂತಿಲ್ಲ" ಅಂದಳು. ಘಟ್ಟದ ಮೇಲಿನಿಂದ ಬಂದವರು ಅಂತ ಅದರ ಅರ್ಥ. ಹೇಳುವ ದನಿಯಲ್ಲಿ ಬೇರೆ ಅರ್ಥವೂ ಇರುತ್ತದೆ.

ರಾತ್ರಿ ತಮ್ಮನ ವಾಯ್ಸ್ ಮೆಸೇಜ್ ಬಂತು. ನಮಗೂ ಅವರಿಗೂ ಎರಡೂವರೆ ತಾಸು ವ್ಯತ್ಯಾಸ. ನಾವು ಉಂಡು ಮಲಗುವಾಗ ಅವನಿಗೆ ಆಗ ತಾನೇ ಕತ್ತಲಾಗುತ್ತಿರುತ್ತದೆ. ದಾರಿಯಲ್ಲಿ ಮಕ್ಕಳು "ಮ್ಹಿಂದಿ, ಮ್ಹಿಂದಿ" ಅಂತ ಕೂಗುತ್ತಾ ಹಿಂದೆ ಬರುತ್ತಾರಂತೆ. ಇಂಡಿಯಾದವನು ಅಂತ. ಚಿಗವ್ವ ಅದನ್ನು ಎರಡು ಸಲ ಕೇಳಿದಳು. "ಮಕ್ಕಳು ಕೂಗಿದ್ರ ಏನೂ ಅನಸಂಗಿಲ್ಲ ಬಿಡು" ಅಂದಳು.

ಎರಡನೇ ದಿನ

ಬೆಳಿಗ್ಗೆ ಐದಕ್ಕೇ ಎದ್ದು ಪಣಜಿ ಬಸ್ಸು ಹಿಡಿದೆವು. ಝುವಾರಿ ಸೇತುವೆ ದಾಟುವಾಗ ಹೊಳೆಯ ಮೇಲೆ ಮಂಜು. ಪಣಜಿಯಲ್ಲಿ ಇಳಿದು ಹಳೇ ಗೋವಾಕ್ಕೆ ಇನ್ನೊಂದು ಬಸ್ಸು. ಗೋವಾದ ಸರ್ಕಾರಿ ಬಸ್ಸಿನ ಹೆಸರು ಕದಂಬ. ನಮ್ಮ ಕದಂಬರ ಒಂದು ಕವಲು ಇಲ್ಲಿ ಆಳಿತ್ತಲ್ಲ, ಆ ನೆನಪಿಗೆ. ಮುದಗಲ್ಲಿನಿಂದ ಬಂದವಳಿಗೆ ಬಸ್ಸಿನ ಮೇಲೆ ಆ ಹೆಸರು ಓದಿ ಖುಷಿಯಾಯ್ತು.

ಬೊಂ ಜೆಸು ಬೆಸಿಲಿಕಾದ ಹೊರಗೆ ದೊಡ್ಡ ಚಪ್ಪರ. ಜನವೋ ಜನ. ಗೋವಾದವರು ಝೇವಿಯರ್‌ರನ್ನು 'ಗೊಂಯ್ಚೊ ಸಾಯ್ಬ್' ಅನ್ನುತ್ತಾರೆ, ಗೋವಾದ ಒಡೆಯ. ದಾರಿಯ ಎರಡೂ ಕಡೆ ಮೇಣದಬತ್ತಿ, ಹೂವಿನ ಹಾರ, ಬೆಲ್ಲ ಶುಂಠಿ ಹಚ್ಚಿದ ಖಾಜೆ. ಅದರ ನಡುವೆ ಮೇಣದ ಹರಕೆಗಳು. ಕೈ, ಕಾಲು, ಮನೆ, ಮಗು. ಯಾರಿಗೆ ಏನು ಬೇಕೋ ಅದು.

ಮಾರುತ್ತಿದ್ದ ಹೆಂಗಸು ಹುನಗುಂದದ ಕಡೆಯವಳು. ಅವ್ವ ಗಂಡುಗೊಂಬೆ ಕೇಳಿದಳು. ಸಿಕ್ಕಿದ್ದು ಸಣ್ಣ ಹುಡುಗನದು. "ನನ್ನ ಮಗ ದೊಡ್ಡಾಂವ ಇದ್ದಾನ" ಅಂದಳು ಅವ್ವ. "ಇದೊಂದ ಅಚ್ಚು ಐತಿ ಯಕ್ಕಾ" ಅಂದಳು ಅವಳು. ಅವ್ವ ಗೊಂಬೆ ತಗೊಂಡು ಚಪ್ಪರದ ಕಂಬದ ಹತ್ತಿರ ಕೂತಳು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಅದರ ಗಲ್ಲದ ಮೇಲೆ ಸಣ್ಣಗೆ ಗೀರತೊಡಗಿದಳು. ಒಂದು ಗೀರು, ಇನ್ನೊಂದು, ಮತ್ತೊಂದು. ಎದ್ದ ಮೇಣದ ಪುಡಿಯನ್ನು ಊದಿ ಸೆರಗಿನಲ್ಲಿ ಒರೆಸಿದಳು. ನಾನು ಬಗ್ಗಿ ನೋಡಿದೆ. ಗಡ್ಡ. ಮುಸೋಮಾದಿಂದ ತಮ್ಮ ಕಳಿಸಿದ ಫೋಟೋದಲ್ಲಿ ಇದ್ದ ಗಡ್ಡ.

ಒಳಗೆ ಸಾಲಿನಲ್ಲಿ ನಿಂತು ಮುಂದೆ ಹೋದೆವು. ಅಮೃತಶಿಲೆಯ ಎತ್ತರದ ಪೀಠ. ಅದನ್ನು ಇಟಲಿಯ ಫೊಗ್ಗಿನಿ ಅನ್ನುವ ಶಿಲ್ಪಿ ಮಾಡಿದ್ದು. ಮೇಲೆ ಝೇವಿಯರ್‌ರ ದೇಹ ಇಟ್ಟ ಬೆಳ್ಳಿಯ ಪೆಟ್ಟಿಗೆ, ಅದು ಗೋವಾದ ಅಕ್ಕಸಾಲಿಗರ ಕೈಕೆಲಸ. ಅವ್ವ ಕತ್ತೆತ್ತಿ ನೋಡುತ್ತಲೇ ನಿಂತಳು. ಹಿಂದಿನವರು ತಳ್ಳಿದ ಮೇಲೆ ಸರಿದಳು.

ಹೊರಗೆ ಬಂದು ಮರದ ನೆರಳಲ್ಲಿ ಕೂತಾಗ ಅವ್ವ ಕೇಳಿದಳು. "ಇವರು ಬಂದಾಗ ಇವರ ತಾಯಿ ಇದ್ಲೇನು?"

ನಾನು ಹೊರಡುವ ಮುಂಚೆ ಸ್ವಲ್ಪ ಓದಿಕೊಂಡು ಬಂದಿದ್ದೆ. ಇರಲಿಲ್ಲ. ಸ್ಪೇನಿನ ನವಾರ್ ಪ್ರಾಂತ್ಯದ ಹುಡುಗ, 1525ರಲ್ಲಿ ಓದಲು ಪ್ಯಾರಿಸ್‌ಗೆ ಹೋದರು. ಅಲ್ಲಿರುವಾಗಲೇ 1529ರಲ್ಲಿ ತಾಯಿ ತೀರಿಕೊಂಡರು. 1541ರ ಏಪ್ರಿಲ್ 7ರಂದು ಲಿಸ್ಬನ್‌ನಲ್ಲಿ ಹಡಗು ಹತ್ತಿದಾಗ ಅವರಿಗೆ ಸರಿಯಾಗಿ 35 ತುಂಬಿತ್ತು, ಅವತ್ತೇ ಹುಟ್ಟುಹಬ್ಬ. ಗಾಳಿ ಸಿಗದೆ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಯ್ತು. ಅಲ್ಲಿ ಕಾಯಿಲೆಯವರ ಸೇವೆ ಮಾಡಿ, ತಾವೂ ಕಾಯಿಲೆ ಬಿದ್ದರು. ಗೋವಾ ಮುಟ್ಟಿದ್ದು 1542ರ ಮೇ 6ಕ್ಕೆ.

"ಆಫ್ರಿಕಾದಾಗ ಇದ್ರಾ?" ಅವ್ವ ನೆಟ್ಟಗೆ ಕೂತಳು.

ಹೌದು. ಮೊಜಾಂಬಿಕ್ ಅಂದರೆ ತಮ್ಮ ಇರುವ ದೇಶದ ಪಕ್ಕದ್ದೇ. ಗೋವಾದಲ್ಲಿ ಅವರು ಉಳಿದುಕೊಂಡದ್ದು ಆಸ್ಪತ್ರೆಯಲ್ಲಿ, ರೋಗಿಗಳ ಹತ್ತಿರ. ಬೀದಿಯಲ್ಲಿ ಸಣ್ಣ ಗಂಟೆ ಬಾರಿಸುತ್ತಾ ಹೋಗಿ ಮಕ್ಕಳನ್ನು ಕರೆದು ಜಪ ಕಲಿಸುತ್ತಿದ್ದರು. ಆಮೇಲೆ ತಮಿಳು ಕರಾವಳಿ, ಮಲಾಕ್ಕಾ, 1549ರಲ್ಲಿ ಜಪಾನ್. ಚೀನಾದ ಬಾಗಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ, 1552ರ ಡಿಸೆಂಬರ್ 3ರಂದು ತೀರಿಕೊಂಡರು. 46 ವರ್ಷ.

ಅವರ ಬಗ್ಗೆ ಓದಿದ್ದರಲ್ಲಿ ನನ್ನ ಮನಸ್ಸಿನಿಂದ ಹೋಗದ್ದು ಒಂದಿದೆ. ಗೆಳೆಯರು ಬರೆದ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ಇಟ್ಟುಕೊಂಡು, ಎದೆಯ ಹತ್ತಿರ ಕಟ್ಟಿಕೊಂಡು ತಿರುಗುತ್ತಿದ್ದರು. ಪತ್ರ ಬರಲು ವರ್ಷಗಟ್ಟಲೆ ಹಿಡಿಯುತ್ತಿದ್ದ ಕಾಲ. ವಾಪಸ್ ಬಾ ಅಂತ ಅವರ ಜೆಸುಯಿಟ್ ಪಾದ್ರಿಗಳ ಸಭೆಯ ಮುಖ್ಯಸ್ಥ ಇಗ್ನೇಷಿಯಸ್ ರೋಮ್‌ನಿಂದ 1553ರ ಜೂನ್‌ನಲ್ಲಿ ಬರೆದಾಗ, ಇವರು ತೀರಿಕೊಂಡು ಆರು ತಿಂಗಳ ಮೇಲಾಗಿತ್ತು. ನಾವು ನಾಲ್ಕು ದಿನ ಫೋನ್ ಹತ್ತದಿದ್ದಕ್ಕೆ ಒದ್ದಾಡಿದೆವು.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಗೋವಾಕ್ಕೆ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಬೇಕು ಅಂತ 1546ರಲ್ಲಿ ಪೋರ್ಚುಗಲ್ ರಾಜನಿಗೆ ಬರೆದವರೂ ಇವರೇ. ಅದು 1560ರಲ್ಲಿ ಬಂತು. ನಡುವೆ ಕೆಲವು ವರ್ಷ ನಿಂತಿದ್ದು ಬಿಟ್ಟರೆ 1812ರ ತನಕ ಇತ್ತು. ಎಷ್ಟೋ ಮನೆಗಳನ್ನು ಹಾಳು ಮಾಡಿತು. ರೋಗಿಯ ಹಾಸಿಗೆಯ ಪಕ್ಕ ಮಲಗಿದ ಮನುಷ್ಯ ಆ ಪತ್ರವನ್ನೂ ಬರೆದರಲ್ಲ ಅನ್ನುವುದು ನನಗೆ ನೋವಿನ ವಿಷಯ. ಹರಕೆ ಒಪ್ಪಿಸಿದೆ, ಮೊಣಕಾಲೂರಿದೆ. ಆದರೂ ಅದು ತಪ್ಪು ಅಂತಲೇ ನಾನು ನಂಬುತ್ತೇನೆ.

ಸಂಜೆ ತಮ್ಮನ ದೊಡ್ಡ ಮೆಸೇಜ್ ಇತ್ತು. ಅವನ ದಿನ ಶುರುವಾಗುವುದು ಐದಕ್ಕೆ. ಟ್ಯಾಂಕಿನಲ್ಲಿ ನೀರಿದ್ದರೆ ಸ್ನಾನ, ಇಲ್ಲದಿದ್ದರೆ ಒಂದು ಚೊಂಬಿನಲ್ಲಿ ಮುಖ ತೊಳೆದು ಪೂಜೆ. ಆಮೇಲೆ ಪಿಕಿಪಿಕಿ ಹತ್ತಿ ಹೊರಡುತ್ತಾನೆ. ಪಿಕಿಪಿಕಿ ಅಂದರೆ ಮೋಟಾರ್ ಸೈಕಲ್ಲು. ಅವರ ಚರ್ಚಿಗೆ ಸೇರಿದ ಹಳ್ಳಿಗಳು ಹದಿನಾಲ್ಕು, ಮರಳು ದಾರಿ. ಒಂದೊಂದು ಹಳ್ಳಿಗೆ ಸ್ವಾಮಿಗಳು ಮುಟ್ಟುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರ ಧರ್ಮಪಾಠ ಹೇಳುವ ಉಪದೇಶಿಯೇ ಜಪ ನಡೆಸುತ್ತಾನೆ. ತಮ್ಮ ಶನಿವಾರ ರಾತ್ರಿ ಬರೆದಿಟ್ಟ ಪ್ರಸಂಗವನ್ನು ಆ ಉಪದೇಶಿ ಪೆನ್ಸಿಲ್ಲು ಹಿಡಿದು ತಿದ್ದುತ್ತಾನೆ. ಆತನಿಗೆ ಅರವತ್ತರ ಮೇಲೆ. ಕೆಲಸ ಮಾಡುತ್ತಿರುವವರನ್ನು ಕಂಡರೆ ಅಲ್ಲಿಯವರು ಸುಮ್ನೆ ದಾಟಿ ಹೋಗುವುದಿಲ್ಲವಂತೆ. "ಪೋಲೆ ನಾ ಕಾಝಿ" ಅನ್ನುತ್ತಾರೆ. ನಿನ್ನ ದಣಿವು ನನಗೂ ತಿಳೀತದೆ ಅಂದ ಹಾಗೆ.

"ನನಗ ಆ ಭಾಷಿ ಬ್ಯಾಡ" ಅಂದಳು ಅವ್ವ. "ಕನ್ನಡದಾಗ ಏನ್ ಉಂಡಿ ಅಂತ ಹೇಳಂತ ಹೇಳು."

ಮೂರನೇ ದಿನ

ಅವ್ವನ ಕಾಲು ಊದಿತ್ತು. ಅದಕ್ಕೆ ಮಡಗಾಂವ್‌ವರೆಗೆ ಬಸ್ಸು, ಅಲ್ಲಿಂದ ರಾಯ್ತೂರಿಗೆ ರಿಕ್ಷಾ. ರಾಯ್ತೂರಿನಲ್ಲಿ ಗುಡ್ಡದ ಮೇಲೆ ಹಳೆಯ ಸೆಮಿನರಿ, ಪಾದ್ರಿಗಳಾಗುವವರು ಓದುವ ಮಠ, ಇದೆ. ಗದ್ದೆ, ತೆಂಗು, ಕೋಟೆಯ ಉಳಿದ ಬಾಗಿಲು, ತುಂಬಾ ತಂಪಾದ ಜಾಗ. ಚರ್ಚು ನೋಡಿ, ಮೆಟ್ಟಿಲ ಮೇಲೆ ಕೂತೆವು. ಅಷ್ಟೇ ನಮ್ಮ ಪ್ರವಾಸ ಅವತ್ತು.

ಇಲ್ಲಿಗೆ ಬರಬೇಕು ಅಂತ ಹಟ ಹಿಡಿದವಳು ನಾನು. ಥಾಮಸ್ ಸ್ಟೀಫನ್ಸ್‌ಗಾಗಿ. ಇಂಗ್ಲೆಂಡಿನ ಜೆಸುಯಿಟ್ ಪಾದ್ರಿ, 1579ರ ಅಕ್ಟೋಬರ್ 24ಕ್ಕೆ ಗೋವಾದಲ್ಲಿ ಇಳಿದಾಗ ಮೂವತ್ತರ ಆಸುಪಾಸು. ಹದಿನೇಳೇ ದಿನಕ್ಕೆ, ನವೆಂಬರ್ 10ರಂದು ತಂದೆಗೆ ಉದ್ದನೆಯ ಪತ್ರ ಬರೆದರು. ಆರು ತಿಂಗಳು ದಾಟಿದ ಹಡಗಿನ ಪಯಣ, ವಸಡು ಬಾತು ಜನ ಕಾಯಿಲೆ ಬಿದ್ದದ್ದು, ಹಾರುವ ಮೀನು, ಎಲ್ಲ ಅದರಲ್ಲಿದೆ. ತಮ್ಮ ಮೊದಲ ವಾರ ಕಳಿಸಿದ ಮೆಸೇಜುಗಳೂ ಹೀಗೇ ಇದ್ದವು. ಕಷ್ಟ ಸ್ವಲ್ಪ, ಮೀನು ಜಾಸ್ತಿ.

ಆಮೇಲೆ ನಲವತ್ತು ವರ್ಷ ಇಲ್ಲೇ ಇದ್ದರು. ಇಲ್ಲಿಯ ಜನ ಮಾತಾಡುವುದನ್ನು ಕಿವಿಗೊಟ್ಟು ಕೇಳಿ ಕೊಂಕಣಿಗೆ ವ್ಯಾಕರಣ ಬರೆದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1640ರಲ್ಲಿ, ಇದೇ ರಾಯ್ತೂರಿನಲ್ಲಿ. ಅಚ್ಚಾದ ಮೊದಲ ಕೊಂಕಣಿ ವ್ಯಾಕರಣ ಅದು. ಅದರ ಹೆಸರಿನಲ್ಲಿ ಭಾಷೆಯನ್ನು ಕೊಂಕಣಿ ಅಂದಿಲ್ಲ, 'ಕಾನಾರಿಂ' ಅಂದಿದೆ. ಕನ್ನಡದವರಿಗೆ ಈ ಹೆಸರು ಕಂಡ ಕೂಡಲೇ ಕಿವಿ ನೆಟ್ಟಗಾಗುತ್ತದೆ ಅಲ್ವಾ? ಆಗಿನ ಪೋರ್ಚುಗೀಸರು ಗೋವಾದ ಜನಕ್ಕೂ ಅವರ ಮಾತಿಗೂ ಹಾಗೇ ಕರೆಯುತ್ತಿದ್ದರು. 1616ರಲ್ಲಿ ಸ್ಟೀಫನ್ಸ್ ಓವಿ ಅನ್ನುವ ಮರಾಠಿ ಪದ್ಯದಲ್ಲಿ ಯೇಸುಸ್ವಾಮಿಯ ಕತೆ ಅಚ್ಚು ಹಾಕಿಸಿದರು. ಹನ್ನೊಂದು ಸಾವಿರದ ಹತ್ತಿರ ಓವಿ. ಬಂದ 37 ವರ್ಷಕ್ಕೆ. ಒಂದು ಭಾಷೆಯಲ್ಲಿ ಹಾಡು ಕಟ್ಟಲು ಎಷ್ಟು ದಿನ ಬೇಕು ಅನ್ನುವುದಕ್ಕೆ ನನಗೆ ಸಿಕ್ಕ ಲೆಕ್ಕ ಇದು.

ಮಡಗಾಂವ್‌ನಿಂದ ದಕ್ಷಿಣಕ್ಕೆ ಹೋದರೆ ಕುಂಕಳ್ಳಿ. ಹೋಗಲಾಗಲಿಲ್ಲ. ಗುಡಿಗಳನ್ನು ಪೋರ್ಚುಗೀಸರು ಕೆಡವಿದ್ದ ಸಿಟ್ಟು ಅಲ್ಲಿ ಕುದಿಯುತ್ತಿತ್ತು. 1583ರಲ್ಲಿ ಚರ್ಚಿಗೆ ಜಾಗ ನೋಡಲು ಹೋದ ಐವರು ಜೆಸುಯಿಟರನ್ನೂ ಜೊತೆಗಿದ್ದ ಕೆಲವರನ್ನೂ ಊರವರು ಕೊಂದರು. ಅವರ ಹೆಣಗಳನ್ನು ತಂದು ಮಣ್ಣು ಮಾಡಿಸುವ ಪಾಡು ಸ್ಟೀಫನ್ಸ್‌ಗೆ ಬಂತು. ಆಮೇಲೆ ಪೋರ್ಚುಗೀಸರು ಮಾತುಕತೆಗೆ ಅಂತ ಊರಿನ ಮುಖಂಡರನ್ನು ಅಸ್ಸೋಳ್ಣೆಯ ಕೋಟೆಗೆ ಕರೆಸಿ ಕೊಂದರು. ಆ ಮುಖಂಡರ ಸ್ಮಾರಕ ಕುಂಕಳ್ಳಿಯಲ್ಲಿದೆ. ನನ್ನ ತಮ್ಮನ ಹಿಂದೆ ಯಾವ ರಾಜನೂ ಇಲ್ಲ, ಯಾವ ಸಿಪಾಯಿಯೂ ಇಲ್ಲ. ಅದಕ್ಕೆ ನಾನು ದೇವರಿಗೆ ಋಣಿ.

ರಾತ್ರಿ ಚಿಗವ್ವನ ಮನೆಯಲ್ಲಿ ತಮ್ಮನ ಹಳೆಯ ಮೆಸೇಜುಗಳನ್ನು ಹಾಕಿ ಕೇಳಿದೆವು. ಮುಸೋಮಾದ ಮೊದಲ ವಾರದ್ದು ಒಂದು. ಪೂಜೆ 'ಸಾ ಮೋಜಾ'ಕ್ಕೆ ಅಂದಿದ್ದರು. ಮೋಜಾ ಅಂದರೆ ಒಂದು. ಮಧ್ಯಾಹ್ನ ಒಂದಕ್ಕೆ ಹೋದ. ಚರ್ಚಿಗೆ ಬೀಗ. ಅಲ್ಲಿ ಸೂರ್ಯ ಹುಟ್ಟಿದ ಮೇಲೆ ತಾಸು ಎಣಿಸುತ್ತಾರೆ, ಬೆಳಗಿನ ಏಳು ಅವರಿಗೆ ಒಂದು. "ನಮ್ಮಜ್ಜನೂ ಹಂಗ ಹೇಳ್ತಿದ್ದ, ಹೊತ್ತು ಹುಟ್ಟಿ ಒಂದು ತಾಸು ಅಂತ" ಅಂದಳು ಅವ್ವ. ಅವನ ಊರಿನ ಬಗ್ಗೆ ಅವಳು ತಾನಾಗಿ ಮಾತಾಡಿದ್ದು ಅದೇ ಮೊದಲು.

ಇನ್ನೊಂದು, ಈಗಿನ ಹಳ್ಳಿಯ ಮೊದಲ ಪೂಜೆಯದು. 'ತುವೊಂಬೆ' ಅಂದರೆ ಪ್ರಾರ್ಥಿಸೋಣ. 'ತುಯಿಂಬೆ' ಅಂದರೆ ಹಾಡೋಣ. ತಮ್ಮ ಕೈ ಜೋಡಿಸಿ 'ತುಯಿಂಬೆ' ಅಂದುಬಿಟ್ಟ. ಹೆಂಗಸರ ಬೆಂಚಿನಿಂದ ಒಬ್ಬಾಕೆ ದನಿ ಎತ್ತಿದಳು, ಹಿಂದೆಯೇ ಡೋಲು, ಆಮೇಲೆ ಇಡೀ ಚರ್ಚು. ಹಾಡು ಮುಗಿಯುವ ತನಕ ಅವನು ನಿಂತೇ ಇದ್ದ. ಯಾರೂ ನಗಲಿಲ್ಲವಂತೆ. ಹೊಸ ಸ್ವಾಮಿ ಹಾಡಿ ಅಂದರು, ಹಾಡಿದರು.

ಅವ್ವ ಅದನ್ನು ಮತ್ತೊಮ್ಮೆ ಹಾಕಿಸಿದಳು. ಮೆಸೇಜಿನ ಕೊನೆಗೆ ಆ ಹಾಡಿನ ಒಂದು ತುಣುಕೂ ಇತ್ತು.

ನಾಲ್ಕನೇ ದಿನ

ಸಾಂಕವಾಳ ಝುವಾರಿನಗರದ ಮಗ್ಗುಲಲ್ಲೇ ಇದೆ. ಹೊಳೆಯ ಹತ್ತಿರ ಒಂದು ಹಳೆಯ ಚರ್ಚಿನ ಮುಂಭಾಗ ಮಾತ್ರ ನಿಂತಿದೆ, ಉಳಿದದ್ದು ಬೆಂಕಿಗೆ ಹೋಯ್ತು. ಹಿಂದೆ ಗೋಡೆಯಿಲ್ಲದ ಆ ಬಾಗಿಲಿನಿಂದ ಆಕಾಶ ಕಾಣುತ್ತದೆ. ಸಂತ ಜೋಸೆಫ್ ವಾಜ್ ಬೆಳೆದ ಊರು ಇದು. ಅವರ ಹೆಸರಿನ ಪುಣ್ಯಕ್ಷೇತ್ರವೂ ಇಲ್ಲೇ ಇದೆ.

ವಾಜ್ ಹೊರಗಿನಿಂದ ಬಂದವರಲ್ಲ, ಇಲ್ಲಿಂದ ಹೋದವರು. ಹುಟ್ಟಿದ್ದು 1651ರಲ್ಲಿ ಬಾಣಾವಲಿಯ ತಾಯಿಮನೆಯಲ್ಲಿ. 1681ರಿಂದ 84ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿ, ಮಂಗಳೂರು, ಬಸ್ರೂರು, ಗಂಗೊಳ್ಳಿ ಅಂತ ತಿರುಗಿದರು. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಇವತ್ತಿಗೂ ಅವರ ಹೆಸರಿಗೆ ಜನ ಸೇರುತ್ತಾರೆ. ಆಮೇಲೆ ಶ್ರೀಲಂಕಾ. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳಿಗೆ ನಿಷೇಧ ಹಾಕಿದ್ದರು. ವಾಜ್ ಕೂಲಿಯವನ ವೇಷದಲ್ಲಿ, ಬರಿಗಾಲಿನಲ್ಲಿ 1687ರಲ್ಲಿ ಒಳಗೆ ಹೋದರು. ಇಳಿದ ಕೂಡಲೇ ಭೇದಿ ಹತ್ತಿ ಸಾಯುವ ಹಾಗಾಯ್ತು. ಜಪಸರ ಕೊರಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಅದನ್ನು ಕಂಡು ಯಾರ ಮುಖ ಅರಳುತ್ತದೋ ಅವರು ನಮ್ಮವರು ಅಂತ ಗುರುತು. ತಮಿಳು ಕಲಿತರು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಗೂಢಚಾರ ಅಂತ ಸೆರೆಮನೆಗೆ ಹಾಕಿದರು. 1697ರಲ್ಲಿ ಸಿಡುಬು ಬಂದು ಜನ ರೋಗಿಗಳನ್ನು ಬಿಟ್ಟು ಓಡಿದಾಗ ಇವರು ಓಡಲಿಲ್ಲ, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಸಂತ ಪದವಿ ಕೊಟ್ಟರು. ಮೂವರಲ್ಲಿ ನನಗೆ ತುಂಬಾ ಹತ್ತಿರದವರು ಇವರೇ.

"ಊರಿಗೆ ತಿರುಗಿ ಬಂದ್ರಾ?" ಅವ್ವ ಕೇಳಿದಳು.

ಇಲ್ಲ ಅಂದೆ. ಇಪ್ಪತ್ನಾಲ್ಕು ವರ್ಷ, ಒಂದು ಸಲವೂ ಇಲ್ಲ.

ಅವ್ವ ಆ ಒಂಟಿ ಗೋಡೆಯ ಬಾಗಿಲ ಹತ್ತಿರ ಹೋಗಿ ಕಲ್ಲು ಮುಟ್ಟಿದಳು. ತುಂಬಾ ಹೊತ್ತು ಅಲ್ಲೇ ಇದ್ದಳು. ನಾನು ಹತ್ತಿರ ಹೋಗಲಿಲ್ಲ.

ಮಧ್ಯಾಹ್ನ ವಿಡಿಯೋ ಕಾಲ್ ಹತ್ತಿತು. ತಮ್ಮ ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ಉಗಾಲಿ, ಪಕ್ಕದಲ್ಲಿ ಸೊಪ್ಪು. ಅವತ್ತಿನದು ಮ್ತಾಮಾದ ಹಿಟ್ಟಿನದು, ಮ್ತಾಮಾ ಅಂದರೆ ಜೋಳ. ಡೊಡೊಮಾ ಕಡೆ ಮಳೆ ಕಡಿಮೆ, ನಮ್ಮ ಹಾಗೇ ಜೋಳ ಬೆಳೆಯುತ್ತಾರೆ. ಅವನು ಉಂಡೆ ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಸೊಪ್ಪು ತುಂಬಿಕೊಂಡ. ಅವ್ವ ಫೋನಿಗೆ ಮುಖ ಹತ್ತಿರ ತಂದಳು.

"ಇದು ಸಂಗಟಿ ಅಲ್ಲೇನೋ?"

"ಸಂಗಟೀನ ಅವ್ವ."

"ಯಾರು ಮಾಡ್ಯಾರ?"

"ಉಪದೇಶಿ ಹೆಂಡತಿ. ಆಕೀಗಿ ನಾನು ಮಾಮಾ ಅಂತೀನಿ. ಇಲ್ಲಿ ತಾಯಿಗೆ ಮಾಮಾ ಅಂತಾರ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಆಕೀಗಿ ಫೋನ್ ಕೊಡು" ಅಂದಳು. ಆಕೆ ಬಂದಳು, ತಲೆಗೆ ಬಣ್ಣದ ಬಟ್ಟೆ ಕಟ್ಟಿದ್ದಳು. ಅವ್ವ ಕನ್ನಡದಲ್ಲಿ, ಆಕೆ ಸ್ವಾಹಿಲಿಯಲ್ಲಿ. ಇಬ್ಬರೂ ಮಾತಾಡುತ್ತಲೇ ಇದ್ದರು. ನಡುವೆ ಭಾಷಾಂತರ ಮಾಡಲು ತಮ್ಮನಿಗೆ ಅವಕಾಶವೇ ಕೊಡಲಿಲ್ಲ.

ಸಂಜೆ ಚಿಗಪ್ಪ ಕೆಲಸದಿಂದ ಬಂದ. ಕಾಲಿನ ಬೆರಳ ಸಂದಿಯಲ್ಲೆಲ್ಲ ಸಿಮೆಂಟು. ಟಿಫಿನ್ ಡಬ್ಬಿ ಇಟ್ಟು ಹೊಸ್ತಿಲ ಮೇಲೆ ಕುಸಿದು ಕೂತ. ಅವ್ವ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಕೊಟ್ಟಳು.

"ಪೋಲೆ ನಾ ಕಾಝಿ" ಅಂದಳು.

ಚಿಗಪ್ಪ ನೀರು ಕುಡಿಯುವುದನ್ನು ಬಿಟ್ಟು ತಲೆ ಎತ್ತಿದ. "ಅದ್ಯಾವ ಭಾಷಿ ಯಕ್ಕಾ?"

"ನಮ್ಮ ಹುಡುಗನ ಊರಿಂದು" ಅಂದಳು ಅವ್ವ. "ನೀರು ಕುಡಿ ಮೊದಲು."